ಸಣ್ಣ ಕೈತೋಟಕ್ಕೊಂದು ಪರಿಮಳದ ಹಳದಿ ಗುಲಾಬಿ: ಗಿಡ ಆರಿಸುವುದರಿಂದ ಹೂ ಕೊಯ್ಯುವವರೆಗೆ

ಗುಲಾಬಿ ಬೆಳೆಸುವ ಬಗ್ಗೆ ನಮಗೆ ಸಿಗುವ ಸಲಹೆಗಳು ಹೆಚ್ಚಾಗಿ ಕೆಂಪು ಗಿಡಗಳನ್ನು ನೋಡಿ ಹುಟ್ಟಿದವು. ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಕತ್ತರಿಸಿ, ಸಂಜೆ ಗಿಡಕ್ಕೆ ಮೇಲಿಂದ ನೀರು ಹೊಯ್ದು ಧೂಳು ತೊಳೆಯಿರಿ, ಗೊಬ್ಬರ ಜಾಸ್ತಿ ಕೊಡಿ. ಕೆಂಪು ಗುಲಾಬಿ ಇದನ್ನೆಲ್ಲ ತಾಳಿಕೊಳ್ಳುತ್ತದೆ. ಹಳದಿ ತಾಳುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೋಳು ಕಡ್ಡಿಯಾಗಿ ನಿಲ್ಲುತ್ತದೆ. ‘ನಮ್ಮನೆಗೆ ಹಳದಿ ಗುಲಾಬಿ ಆಗಿ ಬರಲ್ಲ’ ಎಂದು ಹೇಳಿ ಕಿತ್ತು ಎಸೆಯುತ್ತಾರೆ.

ಹಳದಿ ಹೈಬ್ರಿಡ್ ಟೀ ಗುಲಾಬಿಗೆ ಬೇಕಿರುವುದು ಜಾಸ್ತಿ ಬಿಸಿಲು, ಕಡಿಮೆ ಕತ್ತರಿ, ಒಣಗಿರುವ ಎಲೆ. ಉಳಿದದ್ದೆಲ್ಲ ಇವುಗಳ ಹಿಂದೆ ಬರುವ ಮಾತು. ಬೆಂಗಳೂರಿನ 30–40 ಸೈಟಿನ ಮನೆ, ಗೇಟಿನ ಪಕ್ಕ ಮೂರ್ನಾಲ್ಕು ಅಡಿ ಮಣ್ಣು, ಅಥವಾ ಟೆರೇಸಿನಲ್ಲಿ ಒಂದು ದೊಡ್ಡ ಕುಂಡ. ಇಷ್ಟನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮೈಸೂರು, ತುಮಕೂರು, ಹಾಸನದವರಿಗೂ ಇದು ಹೆಚ್ಚುಕಡಿಮೆ ಹೊಂದುತ್ತದೆ. ಕರಾವಳಿಯವರಿಗೆ ಮಾತ್ರ ಕಷ್ಟ ಇನ್ನಷ್ಟಿದೆ. ಅಲ್ಲಿನ ಮಳೆ ಮತ್ತು ತೇವಕ್ಕೆ ಈ ಗಿಡವನ್ನು ಸೂರಿನಡಿ, ಕುಂಡದಲ್ಲೇ ಬೆಳೆಸುವುದು ಲೇಸು.

ಹಳದಿಗೆ ಯಾಕೆ ಬೇರೆ ಆರೈಕೆ

ಒಂದು ಕಡ್ಡಿಗೆ ಒಂದೇ ದೊಡ್ಡ ಹೂ, ಉದ್ದನೆಯ ಚೂಪು ಮೊಗ್ಗು. ಇದು ಹೈಬ್ರಿಡ್ ಟೀ ಗುಂಪಿನ ಗುರುತು. ಈ ಗುಂಪಿನ ಮೊದಲ ತಳಿ ಎಂದು ಸಾಮಾನ್ಯವಾಗಿ ಹೇಳುವುದು 1867ರ ಲಾ ಫ್ರಾನ್ಸ್ ಅನ್ನು. ಅದು ನಸುಗೆಂಪು. ಹೈಬ್ರಿಡ್ ಟೀಗೆ ಮೂಲವಾದ ಹಳೆಯ ‘ಟೀ ಗುಲಾಬಿ’ಗಳಲ್ಲಿ ತೆಳು ಹಳದಿಯವು ಆಗ ಇದ್ದವು, ಆದರೆ ಗಾಢ ಹಳದಿ ಹೈಬ್ರಿಡ್ ಟೀ ಗುಂಪಿನಲ್ಲಿ ಇರಲಿಲ್ಲ. ಫ್ರಾನ್ಸಿನ ಲಿಯಾನ್‌ನಲ್ಲಿದ್ದ ಜೋಸೆಫ್ ಪೆರ್ನೆ-ದ್ಯುಶೆ ಎಂಬುವರು ಪರ್ಷಿಯನ್ ಯೆಲ್ಲೋ ಎಂಬ ಗುಲಾಬಿಯನ್ನು ತೋಟದ ಗುಲಾಬಿಯ ಜತೆ ಸೇರಿಸಿ, ವರ್ಷಗಟ್ಟಲೆ ಪಟ್ಟು ಹಿಡಿದು, 1900ರಲ್ಲಿ ಸೊಲೇ ದೋರ್ ಎಂಬ ತಳಿಯನ್ನು ಹೊರತಂದರು. ಇವತ್ತಿನ ಹೈಬ್ರಿಡ್ ಟೀಗಳ ಗಾಢ ಹಳದಿ ಬಹುತೇಕ ಆ ದಾರಿಯಿಂದ ಬಂದದ್ದು.

ಬಣ್ಣದ ಜೊತೆ ಬೇರೆ ಗುಣಗಳೂ ಬಂದವು. ಪರ್ಷಿಯನ್ ಯೆಲ್ಲೋ ಒಣ ಹವೆಯ ನಾಡಿನ ಗಿಡ. ಅದರ ಎಲೆಗೆ ಕಪ್ಪು ಚುಕ್ಕೆ ರೋಗ ಬಲು ಬೇಗ ಹತ್ತುತ್ತದೆ. ಗಟ್ಟಿಯಾಗಿ ಕತ್ತರಿಸಿದರೆ ಅದಕ್ಕೆ ಆಗುವುದಿಲ್ಲ, ಕಡ್ಡಿ ತುದಿಯಿಂದ ಒಣಗುತ್ತಾ ಬರುತ್ತದೆ. ವಾಸನೆಯೂ ಹಿತವಲ್ಲ. ಅದರ ಸಸ್ಯಶಾಸ್ತ್ರದ ಹೆಸರಿನಲ್ಲೇ ದುರ್ವಾಸನೆ ಎಂಬ ಅರ್ಥವಿದೆ. ಹಾಗಾಗಿ ಹಳದಿಯಲ್ಲಿ ಪರಿಮಳ ಬರಿಸಲು ತಳಿಗಾರರು ಟೀ ಗುಲಾಬಿ ಮತ್ತು ಇತರ ಸುವಾಸನೆಯ ಗಿಡಗಳನ್ನು ಮತ್ತೆ ಮತ್ತೆ ಬೆರೆಸಬೇಕಾಯಿತು. ಗಾಢ ಹಳದಿ, ಒಳ್ಳೆ ಪರಿಮಳ, ಗಟ್ಟಿ ಎಲೆ ಮೂರೂ ಒಂದೇ ಗಿಡದಲ್ಲಿ ಸಿಗುವುದು ಅಪರೂಪ. ಸಿಕ್ಕರೆ ಬಿಡಬೇಡಿ.

ಪರಿಮಳ ಎಂದರೆ ಇಲ್ಲಿ ಪನ್ನೀರು ಗುಲಾಬಿಯ ಪರಿಮಳವಲ್ಲ. ಹಳದಿಯದು ಹಣ್ಣಿನ ಕಡೆ, ಚಹಾ ಎಲೆಯ ಕಡೆ, ಕೆಲವದರಲ್ಲಿ ನಿಂಬೆಯ ಕಡೆ ವಾಲುತ್ತದೆ. ಇದಕ್ಕೊಂದು ಕಾರಣವಿದೆ. ಹಳದಿ ಬಣ್ಣ ಕೊಡುವುದು ಕ್ಯಾರೊಟಿನಾಯ್ಡ್ ಗುಂಪಿನ ವಸ್ತುಗಳು. ಅವು ಎಸಳಿನಲ್ಲಿ ಒಡೆದಾಗ ಅಯೊನೋನ್‌ನಂಥ ಸುವಾಸನೆಯ ಅಂಶಗಳು ಹುಟ್ಟುತ್ತವೆ. ಅಮ್ಮನ ಮನೆಯ ಪನ್ನೀರು ಗುಲಾಬಿಯ ನೆನಪಲ್ಲಿ ಮೂಗು ಹಿಡಿದವರಿಗೆ ಮೊದಲು ಸ್ವಲ್ಪ ನಿರಾಸೆಯಾಗಬಹುದು. ಆಮೇಲೆ ಇದರ ರುಚಿ ಹತ್ತುತ್ತದೆ.

ತಳಿ ಆರಿಸುವುದು

ಹೂವಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿ ಮಾರುವ ಹಳದಿ ಗುಲಾಬಿ ನೋಡಿ ಅದೇ ಬೇಕೆಂದು ಹೋಗಬೇಡಿ. ಪಾಲಿಹೌಸ್‌ಗಳಲ್ಲಿ ಬೆಳೆಯುವ ಗೋಲ್ಡ್ ಸ್ಟ್ರೈಕ್‌ನಂಥ ತಳಿಗಳನ್ನು ಮಾಡಿರುವುದೇ ಲಾರಿಯಲ್ಲಿ ನಲುಗದಿರಲಿ, ಹೂದಾನಿಯಲ್ಲಿ ಹೆಚ್ಚು ದಿನ ಇರಲಿ ಎಂದು. ಪರಿಮಳ ಹೆಸರಿಗಷ್ಟೆ.

ಪರಿಮಳಕ್ಕೆಂದೇ ಹೆಸರಾದ ಹಳದಿ ಹೈಬ್ರಿಡ್ ಟೀ ಸಟರ್ಸ್ ಗೋಲ್ಡ್. ಹರ್ಬರ್ಟ್ ಸ್ವಿಮ್ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ತಳಿ, 1950ರಲ್ಲಿ ಬಂತು. 1848ರಲ್ಲಿ ಚಿನ್ನ ಸಿಕ್ಕಿದ ಸಟರ್ಸ್ ಮಿಲ್‌ನ ನೆನಪಿಗೆ ಈ ಹೆಸರು. ಅಮೆರಿಕದ ರೋಸ್ ಸೊಸೈಟಿ ಪರಿಮಳಕ್ಕಾಗಿಯೇ ಕೊಡುವ ಗ್ಯಾಂಬಲ್ ಪದಕ ಇದಕ್ಕೆ 1966ರಲ್ಲಿ ಸಿಕ್ಕಿತು. ಹಳದಿ ಎಸಳಿನ ಅಂಚಿಗೆ ಕೆಂಪು ಛಾಯೆ ಇರುತ್ತದೆ. ಬಿಸಿಲಿಗೆ ಬೇಗ ಅರಳಿಬಿಡುವುದು ಇದರ ದೋಷ. ಪೀಸ್ ಎಂಬುದು ಎಲ್ಲರಿಗೂ ಗೊತ್ತಿರುವ ಹೆಸರು, ಫ್ರಾನ್ಸಿನ ಮೆಯಾನ್ ಕುಟುಂಬದ್ದು. ಯುದ್ಧ ಮುಗಿಯುತ್ತಿದ್ದ 1945ರಲ್ಲಿ ಅಮೆರಿಕದಲ್ಲಿ ಅದಕ್ಕೆ ಈ ಹೆಸರಿಟ್ಟರು. ಹೂ ಬಲು ಚಂದ, ಗಿಡ ಬಲವಾಗಿರುತ್ತದೆ, ಆದರೆ ಪರಿಮಳ ಸಣ್ಣದು. ಪರಿಮಳವೇ ಬೇಕು, ಹೂ ಸ್ವಲ್ಪ ಚಿಕ್ಕದಾದರೂ ಗೊಂಚಲಾಗಿ ಬಂದರೂ ಪರವಾಗಿಲ್ಲ ಅನ್ನುವವರು ಫ್ಲೋರಿಬಂಡಾ ಗುಂಪಿನ ಆರ್ಥರ್ ಬೆಲ್ ಅಥವಾ ಫ್ರೀಸಿಯಾ ಹುಡುಕಬಹುದು. ನಿಜ ಹೇಳಬೇಕೆಂದರೆ, ಮೊದಲ ಬಾರಿ ಹಳದಿ ಬೆಳೆಸುವವರಿಗೆ ನಾನು ಹೇಳುವುದು ಇವನ್ನೇ.

ಇಷ್ಟು ಹೆಸರು ಹೇಳಿದರೂ ನರ್ಸರಿಗೆ ಹೋದರೆ ಕಥೆಯೇ ಬೇರೆ. ಬೋರ್ಡಿನ ಮೇಲೆ ‘ಯೆಲ್ಲೋ ಹೈಬ್ರಿಡ್’ ಅಂತಷ್ಟೇ ಇರುತ್ತದೆ, ಅಲ್ವಾ? ಆಗ ಮೂಗೇ ಗತಿ. ಹೂ ಬಿಟ್ಟಿರುವ ಗಿಡವನ್ನೇ ನೋಡಿ. ಬೆಳಗ್ಗೆ ಹತ್ತು ಗಂಟೆಯ ಒಳಗೆ ಹೋಗಿ. ಮೊಗ್ಗೂ ಅಲ್ಲದ, ಪೂರ್ತಿ ಅರಳಿಯೂ ಇಲ್ಲದ, ಅರ್ಧ ಬಿಚ್ಚಿದ ಹೂ ಆರಿಸಿ. ಕೈಯಲ್ಲಿ ಮುಚ್ಚಿದಂತೆ ಹಿಡಿದು ಅದರೊಳಗೆ ಒಮ್ಮೆ ಬಿಸಿ ಉಸಿರು ಬಿಟ್ಟು ಆಮೇಲೆ ಮೂಸಿ. ತಣ್ಣಗಿರುವ ಹೂ ಮುಚ್ಚಿಟ್ಟುಕೊಂಡ ವಾಸನೆ ಆಗ ಹೊರಗೆ ಬರುತ್ತದೆ. ಹಾಗೆ ಮಾಡಿದರೂ ಏನೂ ಬರಲಿಲ್ಲವೆಂದರೆ ಮನೆಗೆ ತಂದ ಮೇಲೂ ಬರುವುದಿಲ್ಲ. ಜನವರಿಯಲ್ಲಿ ಲಾಲ್‌ಬಾಗಿನ ಗಣರಾಜ್ಯೋತ್ಸವ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಬೆಂಗಳೂರಿನ ಗುಲಾಬಿಗಳೆಲ್ಲ ಮೈದುಂಬಿ ಹೂ ಬಿಟ್ಟಿರುತ್ತವೆ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳನ್ನು ಸುತ್ತಿ ಮೂಸಿ ನೋಡಲು ಅದೇ ಒಳ್ಳೆ ಕಾಲ.

ಗಿಡ ಕೊಳ್ಳುವಾಗ ಬುಡ ನೋಡಿ. ಕಸಿ ಕಟ್ಟಿದ ಗಂಟು ಗಟ್ಟಿಯಾಗಿ ಕೂಡಿರಬೇಕು. ಗಂಟಿನ ಮೇಲಿಂದ ಕನಿಷ್ಠ ಎರಡು, ಮೂರಿದ್ದರೆ ಚೆನ್ನ, ಪೆನ್ಸಿಲ್ ದಪ್ಪದ ಕಡ್ಡಿ ಹೊರಟಿರಬೇಕು. ಹೂ ಎಷ್ಟಿದೆ ಎಂದು ಎಣಿಸುವುದು ಬಿಟ್ಟು ಕೆಳಗಿನ ಎಲೆ ಉಳಿದಿವೆಯೇ ಎಂದು ನೋಡಿ. ಎಲೆಯಲ್ಲಿ ಕಪ್ಪು ಚುಕ್ಕೆ, ಕಡ್ಡಿಯ ತುದಿಯಲ್ಲಿ ಕರಿ ಬಣ್ಣ ಇದ್ದರೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಜಾಗ: ಡಿಸೆಂಬರ್ ಬಿಸಿಲನ್ನು ಲೆಕ್ಕ ಹಾಕಿ

ದಿನಕ್ಕೆ ಆರು ಗಂಟೆ ನೇರ ಬಿಸಿಲು ಎಂದು ಎಲ್ಲರೂ ಹೇಳುತ್ತಾರೆ. ಯಾವ ತಿಂಗಳ ಬಿಸಿಲು ಎಂದು ಯಾರೂ ಹೇಳುವುದಿಲ್ಲ. ಸಣ್ಣ ಸೈಟಿನಲ್ಲಿ ಇದೇ ಮುಖ್ಯ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೆ ಇರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಸರಿದು, ಮಧ್ಯಾಹ್ನವೂ ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ನೀವು ಮೇ ತಿಂಗಳಲ್ಲಿ ನೋಡಿ, ‘ಇಲ್ಲಿ ಒಳ್ಳೆ ಬಿಸಿಲಿದೆ’ ಎಂದು ಮನೆಯ ಉತ್ತರದ ಓಣಿಯಲ್ಲಿ ಗಿಡ ನೆಟ್ಟರೆ, ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಅದು ನಿಮ್ಮದೇ ಎರಡು ಮಹಡಿ ಮನೆಯ ನೆರಳಿನಲ್ಲಿರುತ್ತದೆ. ನಮ್ಮಲ್ಲಿ ಗುಲಾಬಿಗೆ ಒಳ್ಳೆ ಕಾಲವೂ ಅದೇ ತಿಂಗಳುಗಳು!

ಹಾಗಾಗಿ ಪೂರ್ವ ಮತ್ತು ಆಗ್ನೇಯದ ಮೂಲೆ ಮೊದಲ ಆಯ್ಕೆ. ಬೆಳಗಿನ ಬಿಸಿಲು ಬೀಳುವಲ್ಲಿ ರಾತ್ರಿಯ ಇಬ್ಬನಿ ಬೇಗ ಆರುತ್ತದೆ. ಎಲೆ ಬೇಗ ಆರಿದರೆ ಅರ್ಧ ರೋಗ ಇಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡರ ಮೇಲೆ ಸ್ವಲ್ಪ ನೆರಳು ಬಿದ್ದರೆ ಇನ್ನೂ ಒಳ್ಳೆಯದು, ಹಳದಿ ಬೇಗ ಬಿಳಿಚಿಕೊಳ್ಳುವುದಿಲ್ಲ. ಕಾಂಪೌಂಡ್ ಗೋಡೆಗೆ ಅಂಟಿಸಿ ನೆಡಬೇಡಿ, ಒಂದೂವರೆ ಅಡಿಯಾದರೂ ಬಿಡಿ. ಎರಡು ಗಿಡ ಹಾಕುವುದಾದರೆ ನಡುವೆ ಎರಡೂವರೆ ಅಡಿ ಇರಲಿ. ಜಾಗ ಅಷ್ಟಿಲ್ಲವಾದರೆ ಒಂದೇ ಗಿಡ ಸಾಕು. ಒತ್ತೊತ್ತಾಗಿ ನಾಲ್ಕು ನೆಟ್ಟರೆ ಗಾಳಿಯಾಡದೆ ನಾಲ್ಕೂ ಸೊರಗುತ್ತವೆ.

ಟೆರೇಸ್ ಆದರೆ ಬಿಸಿಲಿನ ಚಿಂತೆ ಇಲ್ಲ. ಕುಂಡ 14ರಿಂದ 16 ಇಂಚು ಅಗಲ, ಅಷ್ಟೇ ಆಳ ಇರಲಿ. ಬೇಸಿಗೆಯಲ್ಲಿ ಕಾಂಕ್ರೀಟಿನ ಕಾವು ಬೇರಿಗೆ ತಟ್ಟದ ಹಾಗೆ ಕುಂಡದ ಕೆಳಗೆ ಎರಡು ಇಟ್ಟಿಗೆ ಇಡಿ.

ಮಣ್ಣು ಮತ್ತು ನೆಡುವ ಕೆಲಸ

ಬೆಂಗಳೂರಿನ ಕೆಮ್ಮಣ್ಣು ಗುಲಾಬಿಗೆ ಒಳ್ಳೆಯದೇ. ನೀರು ಬಸಿಯುತ್ತದೆ, ತುಸು ಹುಳಿ ಗುಣವೂ ಇದೆ. ತೊಂದರೆ ಇರುವುದು ಮನೆ ಕಟ್ಟಿದವರು ಅದರಲ್ಲಿ ಬಿಟ್ಟು ಹೋದದ್ದರಲ್ಲಿ. ಗೇಟಿನ ಪಕ್ಕ ಅಗೆದರೆ ಮೊದಲು ಸಿಗುವುದು ಸಿಮೆಂಟ್ ಚೂರು, ಪ್ಲಾಸ್ಟರ್, ಇಟ್ಟಿಗೆ ಪುಡಿ. ಈ ಸುಣ್ಣ-ಸಿಮೆಂಟು ಮಣ್ಣನ್ನು ಕ್ಷಾರ ಮಾಡುತ್ತದೆ. ಆಗ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರು ಅದನ್ನು ಹೀರಲಾರದು. ಹಾಗಾಗಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಕಸವಿರುವ ಮಣ್ಣನ್ನು ಪೂರ್ತಿ ಹೊರಗೆ ಹಾಕಿ.

ತುಂಬಲು ಬೇಕಾದದ್ದು ಇಷ್ಟು:

- ಶುದ್ಧ ಕೆಮ್ಮಣ್ಣು ಎರಡು ಭಾಗ
- ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಭಾಗ
- ಕುಂಡವಾದರೆ ಕೋಕೋಪೀಟ್ ಅರ್ಧ ಭಾಗ, ನೆಲಕ್ಕೆ ಬೇಕಿಲ್ಲ
- ಬೇವಿನ ಹಿಂಡಿ ಎರಡು ಹಿಡಿ, ಮೂಳೆ ಪುಡಿ ಒಂದು ಹಿಡಿ

ಹಸಿ ಸಗಣಿ ಮಾತ್ರ ಬೇಡ. ಬೇರು ಸುಡುತ್ತದೆ, ಗೆದ್ದಲೂ ಬರುತ್ತದೆ. ಗುಂಡಿ ತುಂಬಿ, ನೀರು ಹೊಯ್ದು, ವಾರ ಹತ್ತು ದಿನ ಸುಮ್ನೆ ಬಿಡಿ. ಮಣ್ಣು ಕುಸಿದು ಕೂತ ಮೇಲೆ ಗಿಡ ನೆಟ್ಟರೆ ಅದು ಹಳ್ಳಕ್ಕೆ ಇಳಿಯುವುದಿಲ್ಲ.

ನೆಡಲು ಎರಡು ಕಾಲ ಚೆನ್ನ. ಒಂದು, ಮಳೆ ಬಿಡುವು ಕೊಟ್ಟ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ. ಇನ್ನೊಂದು, ಜೂನ್. ಹಳದಿಗೆ ಮೊದಲನೆಯದೇ ಸರಿ. ಎಳೆ ಗಿಡ ಮಳೆಗಾಲವನ್ನು ಎದುರಿಸುವ ಮುಂಚೆ ನಾಲ್ಕರಿಂದ ಏಳು ತಿಂಗಳು ಬೇರು ಬಿಡಲು ಸಿಗುತ್ತದೆ.

ನರ್ಸರಿ ಗಿಡದ ಕವರ್ ಬಿಚ್ಚಿದಾಗ ಬೇರಿನ ಸುತ್ತ ಗಟ್ಟಿ ಜೇಡಿಮಣ್ಣಿನ ಉಂಡೆ ಇರುವುದು ಮಾಮೂಲು. ದೂರದಿಂದ ಲಾರಿಯಲ್ಲಿ ಬರುವ ಗಿಡಗಳನ್ನು ಹಾಗೇ ಕಟ್ಟಿರುತ್ತಾರೆ. ಆ ಉಂಡೆಯನ್ನು ಹಾಗೇ ಹೂತರೆ ಸುತ್ತಲಿನ ಕೆಮ್ಮಣ್ಣು ಒದ್ದೆಯಾಗಿದ್ದರೂ ಒಳಗೆ ನೀರು ಇಳಿಯುವುದಿಲ್ಲ, ಬೇರೂ ಹೊರಗೆ ಬರುವುದಿಲ್ಲ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಒಂದು ಪದರವನ್ನು ಬೆರಳಿಂದ ಮೆಲ್ಲಗೆ ಕಳಚಿ. ಪೂರ್ತಿ ತೊಳೆದು ಬೇರು ಬತ್ತಲೆ ಮಾಡುವ ಅಗತ್ಯವಿಲ್ಲ. ಕಸಿ ಗಂಟಿಗೆ ಪ್ಲಾಸ್ಟಿಕ್ ಪಟ್ಟಿ ಉಳಿದಿದ್ದರೆ ಬ್ಲೇಡಿನಿಂದ ಸೀಳಿ ತೆಗೆಯಿರಿ. ಇಲ್ಲದಿದ್ದರೆ ಗಿಡ ದಪ್ಪವಾದಂತೆ ಅದು ಕುತ್ತಿಗೆ ಹಿಸುಕುತ್ತದೆ.

ಕಸಿ ಗಂಟು ಮಣ್ಣಿನ ಮೇಲೆ ಒಂದೆರಡು ಇಂಚು ಕಾಣುವಂತೆ ನೆಡಿ. ಯೂಟ್ಯೂಬಿನಲ್ಲಿ ಇಂಗ್ಲೆಂಡ್, ಅಮೆರಿಕದವರು ಗಂಟನ್ನು ಮಣ್ಣೊಳಗೆ ಹೂಳುವುದನ್ನು ನೋಡಿರಬಹುದು. ಅದು ಹಿಮದಿಂದ ಕಾಪಾಡಲು. ನಮ್ಮಲ್ಲಿ ಹಿಮ ಎಲ್ಲಿದೆ? ಇಲ್ಲಿ ಹೂತರೆ ಗಂಟು ಕೊಳೆಯುವ ಭಯವೇ ಜಾಸ್ತಿ.

ಮೊದಲ ಎರಡು ಮೂರು ತಿಂಗಳು ಬರುವ ಮೊಗ್ಗುಗಳನ್ನು ಬಟಾಣಿ ಗಾತ್ರಕ್ಕೆ ಬಂದಾಗಲೇ ಚಿವುಟಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಬಣ್ಣವೂ ಪರಿಮಳವೂ ಸರಿಯಾಗಿವೆಯೇ ಎಂದು ನೋಡಲು ಒಂದು ಹೂ ಬಿಟ್ಟುಕೊಳ್ಳಿ, ಉಳಿದವು ಬೇಡ. ಚಿವುಟುವಾಗ ಎಲೆ ಕೀಳಬೇಡಿ.

ನೀರು

ಬೆಳಗ್ಗೆ, ಬುಡಕ್ಕೆ, ನಿಧಾನವಾಗಿ. ಎಲೆಯ ಮೇಲೆ ಪೈಪ್ ಹಿಡಿಯಬೇಡಿ, ಅದರಲ್ಲೂ ಸಂಜೆ. ನೆಲದ ಗಿಡಕ್ಕೆ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ಅರ್ಧ ಬಕೆಟ್, ಚಳಿಗಾಲದಲ್ಲಿ ವಾರಕ್ಕೆ ಎರಡು ಸಲ. ಕುಂಡಕ್ಕೆ ಬೇಸಿಗೆಯಲ್ಲಿ ದಿನಾ ಬೇಕು. ಒಂದು ಬೆರಳು ಮಣ್ಣಿಗೆ ಇಳಿಸಿ ನೋಡಿ. ಎರಡು ಇಂಚು ಕೆಳಗೂ ಒಣಗಿದ್ದರೆ ಹಾಕಿ, ಇಲ್ಲದಿದ್ದರೆ ನಾಳೆ ನೋಡಿದರಾಯಿತು. ಬುಡದ ಸುತ್ತ ಒಣ ಎಲೆಯನ್ನು ಎರಡು ಇಂಚು ಹರಡಿದರೆ ನೀರು ಉಳಿಯುತ್ತದೆ. ಗಂಟಿಗೆ ತಾಗದಂತೆ ಒಂದು ಗೇಣು ಬಿಡಿ.

ಬೋರ್‌ವೆಲ್ ನೀರಿನ ಮನೆಯವರಿಗೆ ಒಂದು ಮಾತು. ಬಕೆಟಿನಲ್ಲಿ ಬಿಳಿ ಕರೆ ಕಟ್ಟುವ ನೀರು ವರ್ಷಗಟ್ಟಲೆ ಬಿದ್ದರೆ ಕೆಮ್ಮಣ್ಣೂ ಕ್ಷಾರವಾಗುತ್ತದೆ. ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಇದಕ್ಕೆ ಇನ್ನಷ್ಟು ಗೊಬ್ಬರ ಸುರಿದರೆ ಏನೂ ಆಗದು. ಒಂದು ಲೀಟರ್ ನೀರಿಗೆ ಎರಡು ಗ್ರಾಂ ಫೆರಸ್ ಸಲ್ಫೇಟ್, ಕೆಲವು ಹನಿ ನಿಂಬೆರಸ ಹಾಕಿ ಬೆಳಗ್ಗೆ ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಮಳೆ ನೀರು ಹಿಡಿದಿಟ್ಟಿದ್ದರೆ ವಾರಕ್ಕೊಮ್ಮೆ ಅದನ್ನೇ ಕೊಡಿ. ಒಲೆ ಬೂದಿ, ಮೊಟ್ಟೆ ಚಿಪ್ಪು ಹಾಕುವ ಅಭ್ಯಾಸವಿದ್ದರೆ ಬೋರ್‌ವೆಲ್ ನೀರಿನವರು ಬಿಟ್ಟುಬಿಡಿ. ಎರಡೂ ಕ್ಷಾರವೇ.

ಗೊಬ್ಬರ

ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ತಿಂಗಳಿಗೊಮ್ಮೆ ಬುಡದ ಮಣ್ಣು ಸಡಿಲಿಸಿ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಹೂ ಬಿಡುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿಯ ನೀರು. 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ನಾಲ್ಕೈದು ದಿನ ಮುಚ್ಚಿಟ್ಟು, ಆಮೇಲೆ ಹತ್ತು ಲೀಟರ್ ಮಾಡಿ, ಗಿಡಕ್ಕೆ ಒಂದು ಲೀಟರಿನಂತೆ ಹಾಕಿ. ವಾಸನೆಗೆ ಅಕ್ಕಪಕ್ಕದವರು ಬಂದು ಕೇಳುವುದು ಖಂಡಿತ. ಅದು ಬೇಡವೆಂದರೆ 19:19:19 ಗೊಬ್ಬರ ಲೀಟರಿಗೆ ಎರಡು ಗ್ರಾಂ. ಯೂರಿಯಾ ಬೇಡ. ಅದರಿಂದ ಬರುವ ಮೆತ್ತನೆಯ ಚಿಗುರು ಬೂದಿ ರೋಗಕ್ಕೂ ಹೇನಿಗೂ ಹಬ್ಬ. ಹಾಲು-ಸಕ್ಕರೆ ಸೇರಿದ ಟೀ ಚರಟವನ್ನು ತೊಳೆಯದೆ ಹಾಕಬೇಡಿ, ಇರುವೆ ಬರುತ್ತದೆ.

ಸವರುವುದು: ಇಲ್ಲಿ ಕೈ ಬಿಗಿ ಹಿಡಿಯಿರಿ

ಹಳದಿ ಗಿಡವನ್ನು ಉಳಿಸುವುದೂ ಕಳೆಯುವುದೂ ಬಹುಮಟ್ಟಿಗೆ ಕತ್ತರಿಯೇ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಜೋರು ಮಳೆಯ ತಿಂಗಳು, ಅಕ್ಟೋಬರ್‌ನಲ್ಲೂ ಸುರಿಯುತ್ತದೆ. ಒದ್ದೆ ಹವೆಯಲ್ಲಿ ಮಾಡಿದ ಗಾಯದೊಳಗೆ ಶಿಲೀಂಧ್ರ ನೇರ ಇಳಿಯುತ್ತದೆ. ಆದ್ದರಿಂದ ದಸರಾ ರಜೆ ಸಿಕ್ಕಿತೆಂದು ಕತ್ತರಿ ಹಿಡಿಯಬೇಡಿ. ಮೂರ್ನಾಲ್ಕು ಒಣ ದಿನ ಸಾಲಾಗಿ ಸಿಗುವವರೆಗೆ ಕಾಯಿರಿ. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಯಾವಾಗಲಾದರೂ ಸರಿ. ಸವರಿದ 45ರಿಂದ 50 ದಿನಕ್ಕೆ ಹೂ ಬರುತ್ತದೆ. ಸಂಕ್ರಾಂತಿಗೆ ಹೂ ಬೇಕಿದ್ದರೆ ನವೆಂಬರ್ ಕೊನೆಯ ವಾರ ಸವರಿ.

ಮೊದಲು ಒಣಗಿದ ಕಡ್ಡಿ, ಆಮೇಲೆ ಪೆನ್ಸಿಲ್‌ಗಿಂತ ಸಣ್ಣಗಿರುವ ಎಳಸು ಕೊಂಬೆ, ಆಮೇಲೆ ಗಿಡದ ನಡುವೆ ಒಂದನ್ನೊಂದು ಉಜ್ಜುವ ಕೊಂಬೆ ತೆಗೆಯಿರಿ. ಬುಡದಿಂದ ಹೊರಟ ಮೂರ್ನಾಲ್ಕು ಒಳ್ಳೆ ಕಡ್ಡಿ ಉಳಿಯಲಿ. ಅವುಗಳ ಮೇಲಿನ ಮೂರನೇ ಒಂದು ಭಾಗವನ್ನಷ್ಟೇ ಕತ್ತರಿಸಿ. ನಾಲ್ಕೂವರೆ ಅಡಿ ಗಿಡವಿದ್ದರೆ ಮೂರಡಿ ಉಳಿಯಬೇಕು. ಮಾಲಿಗೆ ಕೆಲಸ ಒಪ್ಪಿಸಿದರೆ ಪಕ್ಕದಲ್ಲೇ ನಿಲ್ಲಿ. ಅವರಿಗೆ ಎಲ್ಲಾ ಗುಲಾಬಿಯೂ ಒಂದೇ, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದಡಿಗೆ ಇಳಿಸಿರುತ್ತಾರೆ. ಕೆಂಪು ಗಿಡ ಅಲ್ಲಿಂದಲೂ ಚಿಗುರುತ್ತದೆ. ಹಳದಿಯ ಹಳೆ ಕಡ್ಡಿಯಿಂದ ಚಿಗುರು ಬರುವುದು ಕಷ್ಟ. ಉಳಿದಿರುವ ಒಳ್ಳೆ ಎಲೆಗಳನ್ನು ಬೋಳಿಸಲೂಬೇಡಿ.

ಹೊರಗೆ ಮುಖ ಮಾಡಿದ ಕಣ್ಣಿನ (ಚಿಗುರು ಒಡೆಯುವ ಉಬ್ಬಿನ) ಕಾಲಿಂಚು ಮೇಲೆ, ಓರೆಯಾಗಿ ಕತ್ತರಿಸಿ. ಕತ್ತರಿ ಹರಿತವಿರಲಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ. ಕತ್ತರಿಸಿದ ತುದಿಗಳಿಗೆ ಅದೇ ಹೊತ್ತಿನಲ್ಲಿ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ಮುಲಾಮಿನ ಹದಕ್ಕೆ ಕಲಸಿ ಬ್ರಷ್‌ನಿಂದ ಹಚ್ಚಿ. ತೋಟದ ಮನೆಯವರ ಹತ್ತಿರ ಮೈಲುತುತ್ತ-ಸುಣ್ಣದ ಬೋರ್ಡೋ ಮುಲಾಮು ಇದ್ದರೆ ಅದೂ ಆದೀತು. ಸಂಜೆ ಹಚ್ಚಿದರಾಯಿತು ಎಂದು ಬಿಡಬೇಡಿ. ಜೂನ್‌ನಲ್ಲಿ ಬರೀ ಒಣ ಕಡ್ಡಿ ತೆಗೆದು, ಗಾಳಿಯಾಡುವಂತೆ ಒಳಗಿನ ಒಂದೆರಡು ಕೊಂಬೆ ಬಿಡಿಸಿದರೆ ಸಾಕು.

ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರು ನಿಮ್ಮ ಹಳದಿಯದ್ದಲ್ಲ, ಬೇರಿಗೆಂದು ಬಳಸಿದ ಕಾಡು ಗುಲಾಬಿಯದ್ದು. ಒಂದೇ ತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು, ಐದಿದ್ದರೆ ಒಳ್ಳೆಯದು ಎಂಬ ಲೆಕ್ಕವನ್ನು ನಂಬಬೇಡಿ. ಒಳ್ಳೆ ಹೈಬ್ರಿಡ್ ಟೀಗಳಲ್ಲೂ ಏಳೆಲೆ ಬರುತ್ತದೆ. ಚಿಗುರು ಎಲ್ಲಿಂದ ಹೊರಟಿದೆ ಎಂದು ಮಣ್ಣು ಸರಿಸಿ ನೋಡಿ. ಗಂಟಿನ ಕೆಳಗಿದ್ದರೆ ಕತ್ತರಿಸದೆ, ಕೆಳಕ್ಕೆ ಎಳೆದು ಬುಡಸಮೇತ ಕಿತ್ತುಹಾಕಿ.

ರೋಗ, ಹುಳ

ಕಪ್ಪು ಚುಕ್ಕೆಯೇ ದೊಡ್ಡ ಶತ್ರು. ಈ ಶಿಲೀಂಧ್ರದ ಬೀಜಕಣ ಮೊಳೆತು ಎಲೆಯೊಳಗೆ ಇಳಿಯಲು ಎಲೆ ಸುಮಾರು ಏಳು ಗಂಟೆಯಾದರೂ ಒದ್ದೆ ಇರಬೇಕು. ಸಂಜೆ ನೀರು ಚಿಮುಕಿಸಬೇಡಿ ಎಂದು ಇಷ್ಟು ಒತ್ತಿ ಹೇಳಿದ್ದು ಇದಕ್ಕೇ. ಸಂಜೆ ಏಳಕ್ಕೆ ನೆನೆದ ಎಲೆ ಬೆಳಗಿನವರೆಗೂ ಒಣಗುವುದಿಲ್ಲ. ಬುಡದ ಎಲೆಗಳಲ್ಲಿ ಅಂಚು ಹರಿದಂತಿರುವ ಕಪ್ಪು ಮಚ್ಚೆ, ಸುತ್ತ ಹಳದಿ, ಆಮೇಲೆ ಎಲೆ ಉದುರುವುದು ಇದರ ಲಕ್ಷಣ. ಮೊದಲ ಮಚ್ಚೆ ಕಂಡ ದಿನವೇ ಆ ಎಲೆಗಳನ್ನು ಕಿತ್ತು, ಕೆಳಗೆ ಬಿದ್ದವನ್ನೂ ಆರಿಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಕಾಂಪೋಸ್ಟ್ ಗುಂಡಿಗೆ ಬೇಡ. ನೆಲದಿಂದ ಒಂದಡಿವರೆಗಿನ ಎಲೆಗಳನ್ನು ಮಳೆಗಾಲಕ್ಕೆ ಮುಂಚೆ ತೆಗೆದರೆ ಮಣ್ಣಿನಿಂದ ಸಿಡಿಯುವ ಹನಿ ಎಲೆಗೆ ತಾಗುವುದಿಲ್ಲ. ಎಲೆ ಉಳಿಸಿ ಎಂದು ಹೇಳುತ್ತಾ ಬಂದ ನಾನು ತೆಗೆಯಿರಿ ಎನ್ನುವುದು ಇಲ್ಲಿ ಮಾತ್ರ.

ಔಷಧಿ ಇಲ್ಲದೆ ಹಳದಿ ಹೈಬ್ರಿಡ್ ಟೀಯನ್ನು ಬೆಂಗಳೂರಿನ ಮಳೆಗಾಲ ದಾಟಿಸಬಹುದೇ? ಟೆರೇಸಿನಲ್ಲಿ, ಕುಂಡವನ್ನು ಶೀಟಿನ ಅಡಿಗೆ ಸರಿಸುವವರಿಗೆ ಸಾಧ್ಯ. ನೆಲದ ಗಿಡಕ್ಕೆ ಬೇವಿನ ಎಣ್ಣೆಯೊಂದನ್ನೇ ನಂಬಿದರೆ ಆಗಸ್ಟ್ ಹೊತ್ತಿಗೆ ಎಲೆ ಉಳಿಯುವುದು ಅನುಮಾನ. ಅಂಥ ಗಿಡಕ್ಕೆ ಮಳೆಗಾಲದಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ, ಮಳೆ ಬಿಟ್ಟ ದಿನ ನೋಡಿ, ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕವನ್ನು ಲೀಟರಿಗೆ ಎರಡು ಗ್ರಾಂ ಹಾಕಿ ಸಿಂಪಡಿಸುವುದು ಅನಿವಾರ್ಯ. ಎಲೆಯ ಅಡಿಗೂ ತಾಗಬೇಕು. ಕೈಗವಸು, ಮಾಸ್ಕ್ ಹಾಕಿ. ಸಿಂಪಡಿಸಿದ ಗಿಡದ ಎಸಳನ್ನು ಗುಲ್ಕಂದಕ್ಕೆ ಬಳಸಬೇಡಿ.

ತುದಿ ಒಣಗುವುದು ಎರಡನೆಯ ಕಾಟ. ಕಡ್ಡಿಯ ತುದಿ ಕಪ್ಪಾಗಿ ದಿನದಿಂದ ದಿನಕ್ಕೆ ಕೆಳಗೆ ಇಳಿಯುತ್ತದೆ. ಕಪ್ಪು ಮುಗಿದು ಎರಡು ಇಂಚು ಹಸಿರು ಭಾಗ ಸೇರಿಸಿ ಕತ್ತರಿಸಿ, ತಿರುಳು ಬಿಳಿಯಾಗಿದೆಯೇ ನೋಡಿ. ಕಂದು ಬಣ್ಣವಿದ್ದರೆ ಇನ್ನೂ ಕೆಳಗೆ ಹೋಗಿ. ಆಮೇಲೆ ಮುಲಾಮು.

ಮಾರ್ಚ್‌ನಿಂದ ಮೇವರೆಗೆ ಥ್ರಿಪ್ಸ್ ನುಸಿ. ತೆಳು ಬಣ್ಣದ ಹೂ ಎಂದರೆ ಇದಕ್ಕೆ ಪ್ರಾಣ, ಹಳದಿ ಅದರಲ್ಲಿ ಮೊದಲು. ಮೊಗ್ಗು ಬಿಚ್ಚುವ ಮುಂಚೆಯೇ ಎಸಳಿನ ಅಂಚು ಸುಟ್ಟಂತೆ ಕಂದಾಗುತ್ತದೆ. ಮೊಗ್ಗನ್ನು ಬಿಳಿ ಹಾಳೆಯ ಮೇಲೆ ಕೊಡವಿದರೆ ಸಣ್ಣ ಗೆರೆಯಂಥ ಹುಳ ಓಡಾಡುವುದು ಕಾಣುತ್ತದೆ. ಹಾಳಾದ ಮೊಗ್ಗು ಕಿತ್ತು ಹಾಕಿ, ನೀಲಿ ಅಂಟು ಹಾಳೆ ತೂಗುಹಾಕಿ, ಬೇವಿನ ಎಣ್ಣೆ ಲೀಟರಿಗೆ 5 ಮಿ.ಲೀ. ಸ್ವಲ್ಪ ಸೋಪಿನ ಜೊತೆ ಕಲಸಿ ವಾರಕ್ಕೊಮ್ಮೆ ಸಿಂಪಡಿಸಿ. ನಾನಂತೂ ಏಪ್ರಿಲ್‌ನ ಮೊಗ್ಗುಗಳನ್ನೆಲ್ಲ ಚಿವುಟಿ ಗಿಡಕ್ಕೆ ವಿಶ್ರಾಂತಿ ಕೊಡುವ ಪಕ್ಷದವನು. ಆ ಬಿಸಿಲಿನ ಹೂ ಚಿಕ್ಕದು, ಬಣ್ಣ ಮಾಸಿದ್ದು, ಮಧ್ಯಾಹ್ನಕ್ಕೇ ಬಾಡುವಂಥದ್ದು.

ಡಿಸೆಂಬರ್, ಜನವರಿಯಲ್ಲಿ ಚಿಗುರಿನ ಮೇಲೆ ಬಿಳಿ ಪುಡಿ ಕಂಡರೆ ಬೂದಿ ರೋಗ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ. ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ. ಹೇನು ಬಂದರೆ ಬೆಳಗ್ಗೆ ನೀರಿನ ರಭಸಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಎಲೆ ಕೆಳಗೆ ಬಲೆ ಕಟ್ಟುವ ಕೆಂಪು ನುಸಿಗೂ ಅದೇ ಮದ್ದು. ಬೆಳಗ್ಗೆ, ಎಲೆಯಡಿಗೆ, ಬಿಸಿಲಿಗೆ ಒಣಗುವಂತೆ.

ಹೂ ಮತ್ತು ಪರಿಮಳ

ದೊಡ್ಡ ಹೂ ಬೇಕಿದ್ದರೆ ಮುಖ್ಯ ಮೊಗ್ಗಿನ ಪಕ್ಕದ ಪುಟ್ಟ ಮೊಗ್ಗುಗಳನ್ನು ಎಳೆಯದಾಗಿರುವಾಗಲೇ ಚಿವುಟಿ. ಪರಿಮಳ ಹೆಚ್ಚಿಸುವ ಗೊಬ್ಬರ ಎಂದು ಏನೂ ಇಲ್ಲ, ಅದು ತಳಿಯಲ್ಲೇ ಇರಬೇಕು. ಇರುವುದನ್ನು ಕಳೆದುಕೊಳ್ಳದಿರಲು ಮಾತ್ರ ನಮ್ಮ ಕೈಯಲ್ಲಾಗುತ್ತದೆ. ನೀರಿಲ್ಲದೆ ಬಳಲಿದ ಗಿಡದ ಹೂವಿನಲ್ಲಿ ಪರಿಮಳ ಕುಗ್ಗುತ್ತದೆ. ಒಣ ಬಿಸಿಗಾಳಿಗೆ ಬೇಗ ಹಾರಿಹೋಗುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಗು, ಬಿಸಿಲು ಬಿದ್ದು ಗಂಟೆಯಾದ ಮೇಲೆ, ಗಾಳಿ ನಿಂತಿರುವಾಗ ಗಿಡದ ಹತ್ತಿರ ಹೋಗಿ. ಆಗ ಸಿಗುವಷ್ಟು ಸಂಜೆ ಸಿಗುವುದಿಲ್ಲ.

ಮನೆಯೊಳಗೆ ಇಡಲು ಕೊಯ್ಯುವುದಾದರೆ ಬೆಳಗ್ಗೆ ಏಳರೊಳಗೆ, ಹೊರಗಿನ ಎರಡು ಎಸಳು ಬಿಚ್ಚಿಕೊಂಡ ಮೊಗ್ಗನ್ನು ಕೊಯ್ಯಿರಿ. ಮೊದಲ ವರ್ಷ ಉದ್ದ ಕಡ್ಡಿ ಕತ್ತರಿಸಬೇಡಿ, ಅದರ ಜೊತೆ ಎಲೆಗಳೂ ಹೋಗುತ್ತವೆ. ಐದೆಲೆಯ ಎರಡು ತೊಟ್ಟುಗಳಷ್ಟು ಕೆಳಗೆ, ಹೊರ ಮುಖದ ಕಣ್ಣಿನ ಮೇಲೆ ಕತ್ತರಿಸಿದರೆ ಸಾಕು. ಬಾಡಿದ ಹೂವನ್ನು ಗಿಡದಲ್ಲೇ ಬಿಡದೆ ಹೀಗೇ ತೆಗೆದರೆ, ತಂಪಿನ ಕಾಲದಲ್ಲಿ ಆರೇಳು ವಾರಕ್ಕೆ ಅಲ್ಲಿಂದಲೇ ಮುಂದಿನ ಹೂ.

ಕುಂಡದ ಗಿಡಕ್ಕೆ ಎರಡು ವರ್ಷಕ್ಕೊಮ್ಮೆ, ಸವರುವ ಕಾಲದಲ್ಲಿ, ಮೇಲಿನ ಮತ್ತು ಅಂಚಿನ ಮಣ್ಣು ತೆಗೆದು ಹೊಸ ಮಿಶ್ರಣ ತುಂಬಿ. ಇನ್ನೊಂದು ಗಿಡ ಮಾಡಿಕೊಳ್ಳುವ ಆಸೆಯಾದರೆ ಕಡ್ಡಿ ನೆಟ್ಟು ಕೂರಬೇಡಿ. ಹಳದಿ ಹೈಬ್ರಿಡ್ ಟೀಯ ಕಡ್ಡಿ ಬೇರು ಬಿಡುವುದು ಕಡಿಮೆ, ಬಿಟ್ಟರೂ ಗಿಡ ನಿತ್ರಾಣವಾಗಿರುತ್ತದೆ. ಹೂ ಬಿಟ್ಟು ಮುಗಿದ ಒಂದು ಒಳ್ಳೆ ಕಡ್ಡಿಯನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಕಸಿ ಮಾಡುವ ನರ್ಸರಿಯವರಿಗೆ ಕೊಟ್ಟರೆ ಚಳಿಗಾಲದಲ್ಲಿ ಕಣ್ಣು ಕೂರಿಸಿ ಕೊಡುತ್ತಾರೆ. ಹಳೆ ಗಿಡ ಸತ್ತ ಗುಂಡಿಯಲ್ಲೇ ಅದನ್ನು ನೆಡುವುದಾದರೆ, ಒಂದೂವರೆ ಅಡಿ ಮಣ್ಣನ್ನು ಪೂರ್ತಿ ಬದಲಿಸಿ. ಗುಲಾಬಿ ಇದ್ದ ಹಳೆ ಮಣ್ಣಿನಲ್ಲಿ ಹೊಸ ಗುಲಾಬಿ ಸರಿಯಾಗಿ ಏಳುವುದಿಲ್ಲ.